ಮಾವನ ಸ್ಪ್ರೇಯಲ್ಲಿ ಬಗೆಹರಿದ ಜಗಳಗಳು

ಮೊನ್ನೆ ಅರಸೀಕೆರೆಯ ಔಷಧಿ ಅಂಗಡಿಯಲ್ಲಿ ನನ್ನ ಕೈಗೊಂದು ಸ್ಪ್ರೇ ಕೊಟ್ಟರು. ಬಾಯಿಗಿಟ್ಟು ಒತ್ತಿ ಎಳೆದುಕೊಳ್ಳುವಂಥದ್ದು; ಇನ್ನೆಷ್ಟು ಸಲ ಉಳಿದಿದೆ ಎಂದು ಪುಟ್ಟ ಕಿಂಡಿಯಲ್ಲಿ ಅಂಕಿ ಬೇರೆ ತೋರಿಸುತ್ತದೆ. ಇಪ್ಪತ್ತು ವರ್ಷ ನಿಷ್ಠೆಯಿಂದ ಸಿಗರೇಟು ಸೇದಿದ್ದಕ್ಕೆ ಸಿಕ್ಕ ಬಹುಮಾನ. ಮುಚ್ಚಳ ತೆಗೆದು ಮೂಸಿದೆ. ಕಣಕಟ್ಟೆಯ ಸೋದರಮಾವ ನೆನಪಾಗಿ ನಗು ಬಂತು. ಕಾಯಿಲೆಯವನು ನಕ್ಕರೆ ಅನುಮಾನ ಬರುವುದು ಸಹಜ; ಅಂಗಡಿಯವರು ಚೀಟಿಯನ್ನು ಇನ್ನೊಮ್ಮೆ ಓದಿದರು.

ನನ್ನ ಮಾವನನ್ನು ನೀವು ನೋಡಿಲ್ಲವಲ್ಲ, ಹೇಳುತ್ತೇನೆ. ಕಸುಬು ತೆಂಗಿನ ತೋಟ. ಚಟ ಎರಡು: ಬೀಡಿ ಮತ್ತು ಜಗಳ ಬಿಡಿಸುವುದು. ಎರಡನ್ನೂ ಒಟ್ಟಿಗೇ ತೀರಿಸಿಕೊಳ್ಳುತ್ತಿದ್ದರು. ಬೇಲಿ ಒತ್ತರಿಸಿದ, ಎಮ್ಮೆ ರಾಗಿ ಮೇಯ್ದಿತು, ಏನೇ ತಕರಾರಿರಲಿ, ಇಬ್ಬರನ್ನೂ ಕಟ್ಟೆಯ ಮೇಲೆ ಕೂರಿಸಿ, ಒಂದೊಂದು ಬೀಡಿ ಕೊಟ್ಟು, ಒಂದೇ ಕಡ್ಡಿಯಲ್ಲಿ ಹಚ್ಚುವರು. ಬಾಯಲ್ಲಿ ಬೀಡಿ ಇಟ್ಟುಕೊಂಡು ಬೈಯುವುದು ಕಷ್ಟ ನೋಡಿ. ಮುಗಿಯುವಷ್ಟರಲ್ಲಿ ಸಿಟ್ಟು ಆರಿರುತ್ತಿತ್ತು. ಜೊತೆಗೆ ಮಾವನದೂ ಒಂದು ಬೀಡಿ. ಊರಲ್ಲಿ ಜಗಳಕ್ಕೇನೂ ಬರವಿರಲಿಲ್ಲ.

ಐದಾರು ವರ್ಷದ ಹಿಂದೆ, ತೋಟದಿಂದ ಮನೆಗೆ ಬರಲು ಮಾವ ಉಸಿರು ಸಾಲದೆ ಮೂರು ಕಡೆ ಕೂರುವಂತಾಯಿತು. ಅತ್ತೆ ಬೀಡಿಕಟ್ಟನ್ನು ಒಲೆಗೆ ಹಾಕಿದರು. ಮಾವ ಬೀಡಿ ಬಿಟ್ಟರು; ಕೆಮ್ಮು ಅವರನ್ನು ಬಿಡಲಿಲ್ಲ. ಇದು ಅನ್ಯಾಯ ಎಂದು ನನ್ನನ್ನು ಕರೆದುಕೊಂಡು ಅರಸೀಕೆರೆಯ ಡಾಕ್ಟರ ಬಳಿ ತಕರಾರು ಒಯ್ದರು.

ಆಕೆ ತಾಳ್ಮೆಯವರು. “ನೋಡಿ ಯಜಮಾನ್ರೇ, ಮೈ ಕಾಯೋ ಕಣಗಳು ಇರ್ತವೆ. ಕೆಲವು ಹೊಡೆಯೋವು, ಕೆಲವು ‘ಸಾಕು ಬಿಡ್ರಪ್ಪ’ ಅಂತ ತಡೆಯೋವು. ಸೇದಿ ಸೇದಿ ನಿಮ್ಮಲ್ಲಿ ಹೊಡೆಯೋವು ಜಾಸ್ತಿಯಾಗಿವೆ, ತಡೆಯೋವು ಸಾಲ್ತಿಲ್ಲ. ಹೊಗೆ ನಿಂತ್ರೂ ಅವು ನಿಮ್ಮ ಶ್ವಾಸಕೋಶನೇ ಹೊಡೀತಿವೆ. ಈ ಸ್ಪ್ರೇ ಅವುಗಳ ಸಿಟ್ಟು ಇಳಿಸುತ್ತೆ.”

ವಾಪಸ್ ಬರುವ ಬಸ್ಸಿನಲ್ಲಿ ಮಾವ ಸ್ಪ್ರೇಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಅಂದರು, “ಊರ್ ಜಗಳೆಲ್ಲಾ ಬಿಡಿಸ್ದೆ ಕಣ್ಲಾ. ನನ್ ಎದೆ ಒಳಗೇ ಬಿಡ್ಸೋರಿಲ್ವಂತೆ.” ನನಗೆ ಸಂಕಟವಾಯಿತು. ಆ ಸಂಕಟಕ್ಕೆ ಬಸ್ಸಿಳಿದು ಮರೆಯಲ್ಲೊಂದು ಸಿಗರೇಟು ಹಚ್ಚಿದೆ. ನನ್ನ ಕಣಗಳು ಒಳ್ಳೆಯ ಮನೆತನದವು ಎಂದು ನಂಬಿದ್ದೆ.

ತಿಂಗಳಿಗೆಂದು ಕೊಟ್ಟ ಸ್ಪ್ರೇ ವಾರಕ್ಕೇ ಖಾಲಿಯಾಯಿತು. ಅತ್ತೆ ಫೋನಿನಲ್ಲಿ ಅತ್ತರು. ಹೊಸದೊಂದು ಹಿಡಿದು ಓಡಿದರೆ ಮಾವ ಗೋಡೆಗೊರಗಿ ಏದುಸಿರು ಬಿಡುತ್ತಿದ್ದಾರೆ.

“ಕೇಳಪ್ಪ ನಿಮ್ ಮಾವನ್ನ,” ಅಂದರು ಅತ್ತೆ, “ಕಟ್ಟೆ ಮೇಲೆ ಕೂತ್ಕಂಡು ಊರಿಗೆಲ್ಲಾ ಹಂಚವ್ರೆ.”

ಮಾವ ಮೊದಲು ಎರಡು ಸಲ ಎಳೆದುಕೊಂಡು, ಸುಧಾರಿಸಿಕೊಂಡು, ಸಮಜಾಯಿಷಿ ಕೊಟ್ಟರು. “ಬೀಡಿ ಕೊಡಂಗಿಲ್ಲ. ಬರೀ ಮಾತಿಗೆ ಯಾವನ್ ಬಗ್ತಾನೆ? ಸಿಟ್ಟು ಇಳಿಸುತ್ತೆ ಅಂತ ಡಾಕ್ಟ್ರೇ ಅಂದ್ರಲ್ಲ. ಬೇಲಿ ಜಗಳದೋರಿಗೆ ಎರಡೆರಡು ಹೊಡಿಸ್ದೆ. ರಾಜಿ ಆದ್ರು.”

“ಮಾವ, ಅದು ಶ್ವಾಸಕೋಶದ ಸಿಟ್ಟಿಗೆ.”

“ಸಿಟ್ಟು ಸಿಟ್ಟೇ ಅಲ್ವೇನ್ಲಾ?”

ರಾಜಿಯಾಗದೆ ಏನು? ಎಳೆದುಕೊಂಡವನು ಹತ್ತು ಎಣಿಸುವವರೆಗೆ ಉಸಿರು ಹಿಡಿಯಬೇಕು. ಆಗಲೂ ಬೈಯುವುದು ಕಷ್ಟ.

ಅತ್ತೆಗೆ ಮಾತ್ರ ನಗು ಬರಲಿಲ್ಲ. “ಊರೋರ್ನೆಲ್ಲಾ ಒಂದು ಮಾಡಿ ನನ್ನ ಒಂಟಿ ಮಾಡಿ ಹೋಗ್ತೀರಾ?” ಎಂದರು. ಮಾವ ಸ್ಪ್ರೇಯನ್ನು ಅತ್ತೆಯ ಕೈಗಿಟ್ಟರು. ಅಂದಿನಿಂದ ಸ್ಪ್ರೇ ಅತ್ತೆಯ ಸೊಂಟದಲ್ಲಿ. ಕಟ್ಟೆಗೆ ಬಂದವರಿಗೆ ಈಗ ಒಂದೊಂದು ದಪ್ಪ ಕೊಬ್ಬರಿ ಚೂರು. ಅಗಿಯುತ್ತ ಬೈಯುವುದೂ ಕಷ್ಟವೇ.

ಮೊನ್ನೆ ಔಷಧಿ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಮಾವನಿಗೆ ಫೋನ್ ಮಾಡಿದೆ. “ಮಾವ, ನನಗೂ ಸ್ಪ್ರೇ ಕೊಟ್ರು.”

ಆ ಕಡೆ ಒಂದು ಕೆಮ್ಮು. ಆಮೇಲೆ, “ಯಾರ್ಗೂ ಕೊಡಬ್ಯಾಡ ಕಣ್ಲಾ,” ಎಂದರು. “ಸಿಗರೇಟ್ ಜೇಬಲ್ಲೈತಾ?”

ಈ ವಿಷಯದಲ್ಲಿ ಅವರಿಗೆ ಇಪ್ಪತ್ತು ವರ್ಷದಿಂದ ಸುಳ್ಳು ಹೇಳುತ್ತ ಬಂದಿದ್ದೆ. “ಐತೆ ಮಾವ.”

“ತಗಂಡ್ ಬಾ. ನಿಮ್ಮತ್ತೆ ಒಲೆ ಹಚ್ಚವ್ಳೆ.”

ಕಣಕಟ್ಟೆ ಬಸ್ಸು ಹೊರಡುವುದರಲ್ಲಿತ್ತು. ಓಡಲು ಉಸಿರಿರಲಿಲ್ಲ. ಕೈಯೆತ್ತಿ ನಿಲ್ಲಿಸಿ, ನಡೆದೇ ಹೋಗಿ ಹತ್ತಿದೆ.