ನಾಯಿಯ ಕಿವಿಯೊಳಗೆ ನೋಡುವವರು

ನಾಯಿಯನ್ನು ಪ್ರೀತಿಸುವವರಲ್ಲಿ ಎರಡು ಪಂಗಡಗಳಿವೆ ಎಂಬುದು ನನಗೆ ತಡವಾಗಿ ತಿಳಿಯಿತು. ಒಂದು, ನಾಯಿಯ ಬೆನ್ನು ಸವರುವವರದು. ಇನ್ನೊಂದು, ನಾಯಿಯ ಕಿವಿ ಮಗುಚಿ ಒಳಗೆ ನೋಡುವವರದು. ನಾನು ಹುಟ್ಟಾ ಮೊದಲನೆಯ ಪಂಗಡದವನು. ಸಂಜೆ ಶಾಲೆಯಿಂದ ಬಂದು, ಕೋಟನ್ನು ಗೂಟಕ್ಕೆ ಹಾಕಿ, ನಮ್ಮ ನಾಯಿ ಮೋತ್ಯಾನ ತಲೆಯ ಮೇಲೆ ಒಮ್ಮೆ ಕೈಯಾಡಿಸಿದರೆ ನನ್ನ ಆ ದಿನದ ನಾಯಿಪ್ರೇಮ ಮುಗಿಯಿತು. ಎರಡನೆಯ ಪಂಗಡಕ್ಕೆ ನಮ್ಮ ಮನೆಯಲ್ಲಿ ಒಬ್ಬರೇ ಸದಸ್ಯರು: ನನ್ನ ವೈನಿ, ಅಂದರೆ ಅಣ್ಣನ ಹೆಂಡತಿ.

ಆಗ ನಾವು ಧಾರವಾಡದಲ್ಲಿದ್ದೆವು. ಅಣ್ಣ ವಕೀಲ, ನಾನು ಇತಿಹಾಸದ ಮಾಸ್ತರ. ಮೊಕದ್ದಮೆ ಗೆದ್ದ ಸಂತೋಷಕ್ಕೆ ಶಿರಗುಪ್ಪಿಯ ರೈತನೊಬ್ಬ ಬುಟ್ಟಿಯಲ್ಲಿ ತಂದುಕೊಟ್ಟ ಮರಿಯೇ ಮೋತ್ಯಾ. ವೈನಿ ಬುಟ್ಟಿಯೊಳಗೆ ಇಣುಕಿ, "ಛಲೋ ಅದ. ಇದನ್ನ ನೋಡಿಕೊಳ್ಳಾವ್ರು ಯಾರು?" ಎಂದು ಕೇಳಿದರು. ಅಣ್ಣ ನನ್ನನ್ನು ನೋಡಿದ. ನಾನು ಮರಿಯನ್ನು ನೋಡಿದೆ. "ತಿಳೀತು" ಎಂದು ವೈನಿ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು.

ವೈನಿ ಮಡಿವಂತರು. ಮಡಿಯನ್ನೂ ಬಿಡಲಿಲ್ಲ, ಮೋತ್ಯಾನನ್ನೂ ಬಿಡಲಿಲ್ಲ. ಸ್ನಾನವನ್ನು ಹೆಚ್ಚಿಸಿಕೊಂಡರು, ಅಷ್ಟೇ. ಅದರ ತಾಟಿಗೆ ದಿನಾ ಬೂದಿ ಹಾಕಿ ತಿಕ್ಕುವುದು, ಮಲಗುವ ಗೋಣಿತಟ್ಟನ್ನು ಬಿಸಿಲಿಗೆ ಹಾಕುವುದು, ಬೇವಿನೆಲೆ ಕುದಿಸಿದ ನೀರಿನಿಂದ ಮೈತೊಳೆಯುವುದು. ರವಿವಾರ ಹಿತ್ತಿಲಲ್ಲಿ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಒಂದೊಂದೇ ಉಣ್ಣಿ ಕಿತ್ತು ಚಿಮಣಿ ಎಣ್ಣೆಯ ಬಟ್ಟಲಿಗೆ ಹಾಕುತ್ತಿದ್ದರು. ಇಂಥ ಒಂದು ರವಿವಾರ ನಾನು ಪಕ್ಕದಲ್ಲಿ ಕುಳಿತು, ಮಾಸ್ತರನ ಗತ್ತಿನಲ್ಲಿ, ನಾಯಿಯ ಹಿರಿಮೆಯನ್ನು ವಿವರಿಸಿದೆ. ದತ್ತಾತ್ರೇಯನ ಪಟದಲ್ಲಿ ಪಾದದ ಬಳಿ ನಾಲ್ಕು ನಾಯಿಗಳಿರುತ್ತವಲ್ಲ, ಅವು ನಾಲ್ಕು ವೇದಗಳು ಎನ್ನುತ್ತಾರೆ ಪಂಡಿತರು; ಭೈರವನಿಗೆ ನಾಯಿಯೇ ವಾಹನ; ಮೈಲಾರಲಿಂಗನ ಹಿಂದೆಯೂ ನಾಯಿ. ವೈನಿ ತಲೆ ಎತ್ತಲಿಲ್ಲ.

"ದೇವರ ನಾಯಿಗೆ ಉಣ್ಣಿ ಹತ್ತೂದಿಲ್ಲೋ ರಾಘು. ನಮ್ಮದಕ್ಕ ಹತ್ತತಾವ. ಆ ಬಟ್ಟಲಾ ಇತ್ಲಾಗ ಸರಸು."

ಒಂದು ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಓಣಿಯ ನಾಯಿಗಳಿಗೆ ಬೇನೆ ಬಂತು. ಕಣ್ಣಲ್ಲಿ ಪಿಚ್ಚು, ಮೂಗಲ್ಲಿ ಸಿಂಬಳ, ಕೆಮ್ಮು. ಕೆಲವು ನಡುಗಿ ಬಿದ್ದು ಸತ್ತವು. ವೈನಿ ಮೋತ್ಯಾನನ್ನು ಮನೆಯೊಳಗೇ ಕಟ್ಟಿದರು. ಆದರೆ ಬೇನೆ ಅದಕ್ಕಿಂತ ಮೊದಲೇ ಒಳಗೆ ಬಂದಿತ್ತೆಂದು ತೋರುತ್ತದೆ. ಒಂದು ಬೆಳಿಗ್ಗೆ ಮೋತ್ಯಾ ರೊಟ್ಟಿಯನ್ನು ಮೂಸಿ ಮುಖ ತಿರುಗಿಸಿತು.

"ಶಿರಗುಪ್ಪಿ ಹೊಲದಾಗ ಬಿಟ್ಟು ಬರೋಣೇನು?" ಎಂದ ಅಣ್ಣ, ಮೆಲ್ಲಗೆ.

"ಅಲ್ಲಿ ನಾಯಿಗೋಳಿಗೂ ಬ್ಯಾನಿ ಹಂಚಲಿಕ್ಕೇನು? ಮದಲ ಡಾಕ್ಟರಿಗೆ ತೋರಸೋಣು."

ಮೋತ್ಯಾನನ್ನು ಹಳೆಯ ಕೌದಿಯಲ್ಲಿ ಸುತ್ತಿ ಎತ್ತಿಕೊಂಡು ವೈನಿ ಟಾಂಗಾ ಕರೆದರು. ಟಾಂಗಾದವನು, "ಬಾಯಾರ, ನಾಯಿ ಒಯ್ಯೂದಿಲ್ರಿ" ಎಂದ. "ನಾಯಿ ಅಲ್ಲೋ ತಮ್ಮಾ, ರೋಗಿ" ಎನ್ನುತ್ತ ವೈನಿ ಹತ್ತಿ ಕುಳಿತೇಬಿಟ್ಟರು. ಅವನು ಕುದುರೆ ಬಿಟ್ಟ. ನಾನು ಹಿಂದಿನ ಸೀಟಿನಲ್ಲಿ, ಪರಿಚಯದವರು ಯಾರಾದರೂ ಕಂಡಾರೆಂದು ಕೊಡೆಯ ಮರೆಯಲ್ಲಿದ್ದೆ.

ದನದ ದವಾಖಾನೆಯ ಡಾಕ್ಟರರು ಎಮ್ಮೆಯೊಂದರ ಕಾಲು ನೋಡುವುದನ್ನು ಬಿಟ್ಟು ಬಂದರು. ಕಣ್ಣು, ಮೂಗು, ಎದೆ ಪರೀಕ್ಷಿಸಿ ಹೇಳಿದರು: "ಇದು ಡಿಸ್ಟೆಂಪರ್ ಅಂತ. ನಾಯಿಯಿಂದ ನಾಯಿಗೆ ಹತ್ತತದ, ಮನಷ್ಯಾರಿಗೆ ಬರೂದಿಲ್ಲ. ಇದನ್ನ ಕಡಿಮಿ ಮಾಡೋ ಔಷಧ ನನ್ನ ಹತ್ರ ಇಲ್ರಿ ಬಾಯಾರ. ಬೆಚ್ಚಗ ಇಡ್ರಿ, ಸ್ವಚ್ಛ ಇಡ್ರಿ, ನೀರು ಗಂಜಿ ತಪ್ಪಸಬ್ಯಾಡ್ರಿ. ಬ್ಯಾರೆ ನಾಯಿ ಹತ್ರ ಬಿಡಬ್ಯಾಡ್ರಿ. ಉಳದ್ರ ನಿಮ್ಮ ಕೈಗುಣ."

ಇನ್ನು ಮುಗಿಯಿತೆಂದು ನಾನು ಕೊಡೆ ಎತ್ತಿಕೊಂಡೆ. ವೈನಿಯ ಮುಖದಲ್ಲಿ ಮಾತ್ರ ಕಳೆ ಬಂತು. "ಔಷಧ ಇಲ್ಲಂದ್ರ ಕೆಲಸ ಅದ ಅಂತಾತು" ಎಂದರು, ಟಾಂಗಾ ಹತ್ತುತ್ತ.

ಆ ಕೆಲಸವನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ಕಟ್ಟಿಗೆಯ ಖೋಲಿಯನ್ನು ಖಾಲಿ ಮಾಡಿಸಿ ಮೋತ್ಯಾನನ್ನು ಅಲ್ಲಿ ಸರಪಳಿಯಲ್ಲಿ ಕಟ್ಟಿದರು. ಉಗುರುಬೆಚ್ಚಗಿನ ಉಪ್ಪುನೀರಲ್ಲಿ ಅರಿವೆ ಅದ್ದಿ ಕಣ್ಣು ಬಿಡಿಸುವುದು, ಮೂಗು ಒರೆಸುವುದು, ಚಮಚದಿಂದ ಗಂಜಿ ಕುಡಿಸುವುದು, ಒರೆಸಿದ ಅರಿವೆಯನ್ನು ಒಲೆಗೆ ಹಾಕುವುದು, ಕೈಗೆ ಸಾಬೂನು, ಆಮೇಲೆ ಸ್ನಾನ. ನಡುವೆ, ಆಚೆ ಮನೆಯ ವೆಂಕಣ್ಣ ಕಾಕಾ ಅವರಿಗೂ ಎಚ್ಚರಿಕೆ ಹೇಳಿಕಳಿಸಿದರು. ಕಾಕಾ ಕೋರ್ಟಿನ ನಿವೃತ್ತ ಶಿರಸ್ತೇದಾರರು. ಊರು ಬಿಟ್ಟು ಹೋದ ಸಾಹೇಬನೊಬ್ಬನಿಂದ ಪಡೆದ ಡ್ಯೂಕ್ ಎಂಬ ಬಿಳಿ ನಾಯಿಯೊಡನೆ ದಿನಾ ಸಂಜೆ ಓಣಿಯಲ್ಲಿ ಮೆರೆಯುವವರು. ನಾಯಿಯನ್ನು ಹೊರಗೆ ಬಿಡಬೇಡಿ ಎಂಬ ಮಾತಿಗೆ ಅವರಿಂದ ಉತ್ತರ ಬಂತು: "ನಮ್ಮದು ಸಾಹೇಬರ ಮನಿ ತಳಿ. ಓಣಿ ಬ್ಯಾನಿ ಅದಕ್ಕ ಹತ್ತೂದಿಲ್ಲ."

ಬೇನೆ ಏರಿತು. ಒಂದು ಮಧ್ಯಾಹ್ನ ಮೋತ್ಯಾನಿಗೆ ಸೆಳೆತ ಬಂದು, ಬಾಯಲ್ಲಿ ನೊರೆ ಕಟ್ಟಿ, ಕೂಗು ಓಣಿಗೆಲ್ಲ ಕೇಳಿಸಿತು. ಸ್ವಲ್ಪ ಹೊತ್ತಿನಲ್ಲಿ ಕಾಕಾ ಬಂದರು. ಅವರ ಹಿಂದೆ ಬಡಿಗೆ ಹಿಡಿದ ಇಬ್ಬರು ಮುನಸಿಪಾಲಿಟಿಯ ಆಳುಗಳು. ಒಬ್ಬನ ಕೈಯಲ್ಲಿ ವಿಷದ ಉಂಡೆಯ ಡಬ್ಬಿ. ಹಿಂದೆ ಓಣಿಯ ಜನ.

"ಹುಚ್ಚ ಹಿಡದದ ತಂಗಿ. ಓಣ್ಯಾಗ ಸಣ್ಣ ಹುಡುಗೂರು ಅವ" ಎಂದರು ಕಾಕಾ. ಅಣ್ಣ ಕೋರ್ಟಿಗೆ ಹೋಗಿದ್ದ. ಶಾಲೆಗೆ ರಜೆಯಿದ್ದು ಮನೆಯಲ್ಲಿದ್ದ ನಾನು ಬಾಗಿಲ ಹಿಂದೆ ಸರಿದೆ. ವೈನಿ ಹೊಸ್ತಿಲ ಮೇಲೆ ಬಂದು ನಿಂತರು.

"ನಿಮ್ಮ ಅಂಜಿಕಿ ಸುಳ್ಳಲ್ಲ ಕಾಕಾ. ಹುಚ್ಚ ನಾಯಿ ಕಚ್ಚಿದ ಮನಿ ನಾನೂ ನೋಡೇನಿ. ಖೋಲಿಗೆ ಕೀಲಿ ಹಾಕೇನಿ. ಈಗ ಡಾಕ್ಟರನ್ನ ಕರಸ್ತೇನಿ, ನಿಮ್ಮ ಮುಂದನ ನೋಡ್ಲಿ. ಅವರು ಹುಚ್ಚ ಅಂದ್ರ ನಾನೇ ಬಾಗಿಲಾ ತಗೀತೇನಿ. ಅಲ್ಲೀತನಕಾ ಯಾರೂ ಒಳಗ ಬರಬ್ಯಾಡ್ರಿ."

ದನಿ ಏರಲಿಲ್ಲ. ಆದರೆ ಯಾರೂ ಒಂದು ಹೆಜ್ಜೆ ಮುಂದಿಡಲಿಲ್ಲ. ನಾನು ಟಾಂಗಾ ಮಾಡಿಕೊಂಡು ಓಡಿದೆ. ನನ್ನ ಪಾಲಿಗೆ ಬಂದ ಶೌರ್ಯ ಅಷ್ಟೇ. ಡಾಕ್ಟರರು ಬಂದು ಎಲ್ಲರೆದುರು ನೋಡಿ, ಇದು ಅದೇ ಬೇನೆಯ ಸೆಳೆತ, ಹುಚ್ಚಲ್ಲ ಎಂದರು. ಕಟ್ಟಿಯೇ ಇಡಿ, ನಾನು ದಿನಾ ಬಂದು ನೋಡುತ್ತೇನೆ ಎಂದೂ ಹೇಳಿದರು. ಬಡಿಗೆಗಳು ಹೋದವು. ಕಾಕಾ ಕೊನೆಗೆ ಹೋದರು.

ಎಷ್ಟೋ ದಿನಗಳ ಮೇಲೆ ಮೋತ್ಯಾ ತಾನಾಗಿ ತಲೆ ಎತ್ತಿ ಗಂಜಿ ನೆಕ್ಕಿತು. ವೈನಿ ಅಡಿಗೆಮನೆಗೆ ಹೋದರು. ಅಂದಿನ ಸಾರಿಗೆ ಎರಡು ಸಲ ಉಪ್ಪು ಬಿದ್ದಿತ್ತು. ಅಣ್ಣ ಅದನ್ನೇ ಬಡಿಸಿಕೊಂಡು ಉಂಡ. ಮೋತ್ಯಾನ ಹಿಂಗಾಲೊಂದು ಮಾತ್ರ ಕೊನೆಯವರೆಗೂ ತಾಳ ಹಾಕುವಂತೆ ಅದುರುತ್ತಿತ್ತು.

ಅಷ್ಟರಲ್ಲಿ ಗೋಡೆಯಾಚೆಯಿಂದ ಅದೇ ಕೆಮ್ಮು ಕೇಳಿಸಿತು. ಕಾಕಾ ಯಾರಿಗೂ ಹೇಳಿರಲಿಲ್ಲ. ವೈನಿ ಸ್ನಾನ ಮಾಡಿ, ಸೀರೆ ಬದಲಿಸಿ, ಅವರ ಮನೆಗೆ ನಡೆದರು. ನಾನೂ ಹಿಂದೆ ಹೋದೆ. ಕಾಕಾ ಪಡಸಾಲೆಯಲ್ಲಿ ಡ್ಯೂಕನ ಪಕ್ಕ ನೆಲದ ಮೇಲೆ ಕುಳಿತಿದ್ದರು.

"ನಿನ್ನ ನಾಯಿ ಕೊಲ್ಲಸಲಿಕ್ಕೆ ಮಂದಿ ಕರಕೊಂಡ ಬಂದಾಂವ ನಾನು" ಎಂದರು.

"ಅದು ಆಮ್ಯಾಲ ಮಾತಾಡೋಣು ಕಾಕಾ. ಗಂಜಿ ಎಲ್ಲಿ ಕಾಸೂದು, ಮದಲ ಹೇಳ್ರಿ."

ಅದೇ ಉಪ್ಪುನೀರು, ಅದೇ ಚಮಚ, ಅದೇ ಕೈ. ಆದರೂ ಡ್ಯೂಕ್ ಉಳಿಯಲಿಲ್ಲ. ಕಾಕಾ ಹೆಗಲ ಮೇಲಿನ ವಸ್ತ್ರದಿಂದ ಮುಖ ಮುಚ್ಚಿಕೊಂಡು ಅತ್ತರು. ಅವರು ಅತ್ತು ಮುಗಿಸುವವರೆಗೆ ವೈನಿ ಪಕ್ಕದಲ್ಲೇ ಕುಳಿತಿದ್ದು, ಆಮೇಲೆ, ಕುಣಿ ಆಳವಾಗಿ ತೋಡಿಸಿ ಸುಣ್ಣ ಹಾಕಿಸಿ, ಅದರ ಮಕಮಲ್ಲಿನ ಗಾದಿ ಸುಟ್ಟುಬಿಡಿ ಎಂದರು. ಗಾದಿಯನ್ನು ಕಾಕಾ ತಮ್ಮ ಕೈಯಿಂದಲೇ ಸುಟ್ಟರು.

ಚಳಿಗಾಲ ಕಳೆದು ಬಿಸಿಲು ಬಲಿತ ಮೇಲೆ ಒಂದು ಬೆಳಿಗ್ಗೆ ಕಾಕಾ ನಮ್ಮ ಮನೆಯ ಮುಂದೆ ನಿಂತಿದ್ದರು. ಕೋಟಿನೊಳಗಿಂದ ಕಂದುಬಣ್ಣದ ಮರಿಯೊಂದು ಇಣುಕುತ್ತಿತ್ತು. ನನ್ನ ಕೈ ಅಭ್ಯಾಸಬಲದಿಂದ ಮುಂದೆ ಚಾಚಿತು.

"ರಾಘು, ಮೋತ್ಯಾನ್ನ ಮುಟ್ಟಿದ ಕೈ ಅದು. ಹಿಂದ ತಗಿ!" ಒಳಗಿಂದ ವೈನಿ ಬಂದರು. "ಕಾಕಾ, ನೀವೂ ಅಲ್ಲೇ ನಿಂದರ್ರಿ. ಬ್ಯಾನಿ ಬಂದ ಮನಿ ಇದು, ಸಣ್ಣ ಮರಿ ತರಬಾರದು. ನಿಮ್ಮ ಮನಿಗೆ ಸುಣ್ಣಾ ಬಳಿಸೀರಿ?"

ಅರ್ಧ ಜಿಲ್ಲೆಯನ್ನು ತಮ್ಮ ಮೇಜಿನ ಮುಂದೆ ಕೈಕಟ್ಟಿ ನಿಲ್ಲಿಸಿದ್ದ ಶಿರಸ್ತೇದಾರರು ಬೀದಿಯಲ್ಲಿ ನಿಂತು ಉತ್ತರ ಕೊಟ್ಟರು: "ಬಳಿಸೇನಿ ತಂಗಿ."

"ಡ್ಯೂಕನ ತಾಟು?"

"ತಿಪ್ಪಿಗೆ ಒಗದೇನಿ."

"ಕೊಳ್ಳಿನ ಪಟ್ಟಾ?"

ಕಾಕಾ ಮರಿಯ ಕೊರಳತ್ತ ನೋಡಿದರು. ಹಿತ್ತಾಳೆಯ ಮೊಳೆಗಳಿದ್ದ ಡ್ಯೂಕನ ಆ ಚರ್ಮದ ಪಟ್ಟಿ ಮರಿಯ ಕೊರಳಲ್ಲೇ ಸಡಿಲವಾಗಿ ಜೋತುಬಿದ್ದಿತ್ತು. ವೈನಿಯ ದನಿ ಇಳಿಯಿತು.

"ಒಗೀಬ್ಯಾಡ್ರಿ ಕಾಕಾ. ಟ್ರಂಕಿನಾಗ ಇಡ್ರಿ. ಮರಿ ಕೊಳ್ಳಾಗ ಮಾತ್ರ ಬ್ಯಾಡ."

ಪ್ರೀತಿಯಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ದೂರ ಇಡಬೇಕು ಎಂದು ಇಷ್ಟು ಸರಳವಾಗಿ ಹೇಳಿದವರನ್ನು ನಾನು ಬೇರೆ ಕಂಡಿಲ್ಲ. ಕಾಕಾ ಅಲ್ಲೇ ಪಟ್ಟಿ ಬಿಚ್ಚಿ ಕೋಟಿನ ಕಿಸೆಗೆ ಹಾಕಹೋದರು. ವೈನಿ ಕುದಿಸಿ ಒಣಗಿಸಿದ ಒಂದು ಹಳೆಯ ಅರಿವೆಯನ್ನು ದೂರದಿಂದ ಎಸೆದರು; ಕಾಕಾ ಪಟ್ಟಿಯನ್ನು ಅದರಲ್ಲಿ ಸುತ್ತಿಟ್ಟುಕೊಂಡರು. ಕೊರಳು ಹಗುರಾದ ಮರಿ ಒಮ್ಮೆ ಮೈ ಕೊಡವಿ, ಕಾಕಾ ಅವರ ಕೋಟಿನ ಗುಂಡಿಯನ್ನು ಕಚ್ಚಿ ಜಗ್ಗತೊಡಗಿತು.

"ಹಲ್ಲು ಛಲೋ ಅವ" ಎಂದರು ವೈನಿ, ಬಾಗಿಲಿಂದಲೇ.