ಹೆಳವ ಬಿಟ್ಟ ಹೆಸರು

ಜರ್ಮನಿಯ ಡ್ಯೂಸೆಲ್ಡಾರ್ಫಿನಲ್ಲಿ ನಾನು ಬಾಡಿಗೆಗಿರುವ ಮನೆಯ ಒಡತಿ ಎಂಬತ್ತು ದಾಟಿದ ಮುದುಕಿ. ಆಕೆಯ ಅಡುಗೆಮನೆಯ ಮೇಜಿನ ಮೇಲೆ ಒಂದು ವರ್ಷದಿಂದ ಒಬ್ಬಳೇ ಹೆಂಗಸಿನ ಕಾಗದಗಳು ಹರಡಿದ್ದವು. ಆ ಹೆಂಗಸು ಮುದುಕಿಯ ಮನೆತನದವಳು. ಬಹಳ ಹಿಂದೆ ಹಡಗು ಹತ್ತಿ ಅಮೆರಿಕಕ್ಕೆ ಹೋಗಿ, ಕಾಡಂಚಿನಲ್ಲಿ ದಿಮ್ಮಿಯ ಮನೆ ಕಟ್ಟಿಕೊಂಡು ಬಾಳಿದ ಮೊದಲಿಗರಲ್ಲಿ ಒಬ್ಬಳಂತೆ. ಅವಳ ತಾಯಿ, ಅಜ್ಜಿ, ಅಜ್ಜಿಯ ಅಪ್ಪ ಎಂದು ಮುದುಕಿ ಚರ್ಚಿನ ಹಳೆಯ ಪುಸ್ತಕಗಳಿಂದ ಏಳು ತಲೆಮಾರು ಹುಡುಕಿ ತೆಗೆದಿದ್ದಳು. ಆಕೆಯ ನಲ್ಲಿ ರಿಪೇರಿ ಮಾಡಿಕೊಡಲು ಹೋದಾಗಲೆಲ್ಲ ಅದೇ ಮಾತು. ನನಗೆ ಹೊಟ್ಟೆ ಉರಿಯುತ್ತಿತ್ತು. ಏಳನೇ ಇಯತ್ತೆಗೆ ಶಾಲೆ ಬಿಟ್ಟು, ಹೋಟೆಲುಗಳ ಒಲೆ ಮುಂದೆ ಬೆಂದು ಇಲ್ಲಿಯವರೆಗೆ ಬಂದವನು ನಾನು. ನನಗೇನು ಹಿಂದುಮುಂದಿಲ್ಲವೇ?

ಒಂದು ದಿನ ಅಂದೇಬಿಟ್ಟೆ. ನಮ್ಮೂರಿಗೆ ಎತ್ತು ಹೊಡೆದುಕೊಂಡು ಹೆಳವ ಬರುತ್ತಾನೆ, ಬಾಗಿಲಲ್ಲಿ ನಿಂತು ವಂಶಾವಳಿ ಹೇಳುವುದೇ ಅವನ ಕಸುಬು, ನಮ್ಮದು ಹತ್ತು ತಲೆಮಾರು, ಅದೂ ಕಾಗದ ನೋಡದೆ. ಹಾಗಾದರೆ ನನಗೂ ಕೇಳಿಸಿ ಎಂದಳು ಮುದುಕಿ.

ಹೆಳವ ಬಂದ ಭಾನುವಾರ ಊರಿನಿಂದ ಅಣ್ಣ ಫೋನು ಹಚ್ಚಿದ. ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆ. ಹೆಳವ ರಾಗವಾಗಿ ಹೇಳುತ್ತ ಹೋದ, ನಾನು ಒಂದೊಂದೇ ಹೆಸರು ಬಿಡಿಸಿ ಹೇಳಿದೆ, ಮುದುಕಿ ಪೆನ್ಸಿಲ್ಲಿನಲ್ಲಿ ಬರೆದುಕೊಂಡಳು. ಆಕೆಗಿಂತ ಮೂರು ತಲೆಮಾರು ಹೆಚ್ಚು! ಕೊನೆಗೆ ಅಪ್ಪ, ಅಣ್ಣ, ಅಣ್ಣನ ಮಕ್ಕಳು. ಅಲ್ಲಿಗೆ ನಿಲ್ಲಿಸಿದ.

ನನ್ನ ಹೆಸರೆಲ್ಲಿ ಎಂದೆ.

"ನೆನಪೈತೇನ್ ತಮ್ಮಾ?" ಎಂದ ಅಣ್ಣ. "ನಿನ್ನ ಲಗ್ನದ ವರ್ಷ ಬಾಗಲಾಗ ಬಂದು ನಿಂತಿದ್ದ. ದುಡದ ತಿನ್ನು ಹೋಗು ಅಂದಿ. ಒಂದ್ ಮೊರ ಜ್ವಾಳಾ ಹಾಕಲಿಲ್ಲ. ಅವತ್ತ ನಿನ್ನ ಹೆಸರ ಬಿಟ್ಟಾನ."

ಏನು ಬೇಕೋ ಕಳಿಸುತ್ತೇನೆ, ಈಗಲೇ ಸೇರಿಸು ಎಂದೆ.

"ಕಳಸೂದಲ್ಲ ಯಪ್ಪಾ," ಎಂದ ಹೆಳವ. "ನಿನ್ನ ಬಾಗಲಾಗ ನಿಂತು ನಿನ್ನ ಕೈಲೆ ಹಾಕಬೇಕು."

ಫೋನು ಇಟ್ಟ ಮೇಲೆ ಮುದುಕಿ ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿದಳು. ಬಾಗಿಲ ಕರೆಗಂಟೆಯ ಪಕ್ಕ ಬರೆದಿರುವ ನಿಮ್ಮ ಹೆಸರು ಇದರಲ್ಲಿಲ್ಲವಲ್ಲ ಎಂದು, ಅಪ್ಪನ ಹೆಸರಿನ ಕೆಳಗೆ ತಾನೇ ಬರೆಯಹೋದಳು. ಪೆನ್ಸಿಲ್ಲನ್ನು ಹಿಡಿದು ತಡೆದೆ. ಅದು ಹೆಳವನೇ ಸೇರಿಸಬೇಕಾದ ಹೆಸರು, ಜೋಳದ ಸುಗ್ಗಿಗೆ ಊರಿಗೆ ಹೋಗಲು ರಜೆ ಕೇಳುತ್ತೇನೆ ಎಂದೆ.

ಪಕ್ಕದಲ್ಲೇ ಆ ಅಮೆರಿಕದವಳ ಕಾಗದವಿತ್ತು. ಕಡಲು ದಾಟಿ ಹೋದವಳು ಒಮ್ಮೆಯೂ ತಿರುಗಿ ಬರಲಿಲ್ಲವಂತೆ. ಆದರೂ ಊರಿನ ಚರ್ಚಿನ ಪುಸ್ತಕದಲ್ಲಿ ಅವಳ ಹೆಸರು ಹಾಗೇ ಇತ್ತು.