ರ‍್ಯಾಂಪಿನ ಮೇಲಿನ ಹಣಮಪ್ಪ

ನಮ್ಮ ಓಣಿಯಲ್ಲಿ ಒಬ್ಬ ಮನುಷ್ಯನ ಯೋಗ್ಯತೆಯನ್ನು ಅಳೆಯಬೇಕಾದರೆ ಅವನ ಮನೆಯೊಳಗೆ ಹೋಗಿ ಚಹಾ ಕುಡಿಯುವ ತೊಂದರೆ ತೆಗೆದುಕೊಳ್ಳಬೇಕಾಗಿಲ್ಲ. ಬಾಗಿಲ ಮುಂದಿನ ರ‍್ಯಾಂಪು ರಸ್ತೆಯೊಳಗೆ ಎಷ್ಟು ದೂರ ನಾಲಿಗೆ ಚಾಚಿದೆ ಎಂಬುದನ್ನು ನೋಡಿದರೆ ಸಾಕು. ಮನೆಗೂ ರಸ್ತೆಗೂ ನಡುವೆ ಹರಿಯುವ ಗಟಾರದ ಮೇಲೆ ಫರಸಿ ಹಾಸಿ, ಸಿಮೆಂಟು ಸುರಿದು, ಗಾಡಿ ಜಾರದಂತೆ ಗೆರೆ ಕೊರೆದು ಕಟ್ಟುವ ಈ ಇಳಿಜಾರಿಗೆ ವಾಸ್ತುಶಾಸ್ತ್ರದಲ್ಲಿ ಸ್ಥಾನವಿದೆಯೋ ಇಲ್ಲವೋ, ನಮ್ಮ ಸಮಾಜಶಾಸ್ತ್ರದಲ್ಲಂತೂ ಅಗ್ರಸ್ಥಾನವಿದೆ. ಸೈಕಲ್ಲಿದ್ದವನದು ಮೊಳದುದ್ದ, ಮೋಟರ್ ಸೈಕಲ್ಲಿದ್ದವನದು ಮಾರುದ್ದ. ಏನೂ ಇಲ್ಲದವನದು ಎಲ್ಲಕ್ಕಿಂತ ಉದ್ದ, ಯಾಕೆಂದರೆ ಮುಂದೆ ಬರಲಿರುವ ಕಾರು ಎಷ್ಟು ದೊಡ್ಡದೆಂದು ಅವನಿಗೇ ಗೊತ್ತಿಲ್ಲ.

ಸರಕಾರಿ ಸಾಲಿಯ ಮಾಸ್ತರನಾಗಿ, ವರ್ಗಾವಣೆಯೆಂಬ ಉಚಿತ ದೇಶಾಟನದ ಕೃಪೆಯಿಂದ ನಾನು ನಾಲ್ಕು ಊರಿನ ರ‍್ಯಾಂಪುಗಳನ್ನು ಕಂಡು ಬಂದ ಅನುಭವಿ. ಇಂಡಿಯಲ್ಲಿ ನಮ್ಮ ಮನೆಯ ಮಾಲಕರೂ ಎದುರು ಮನೆಯವರೂ ತಮ್ಮ ತಮ್ಮ ರ‍್ಯಾಂಪುಗಳನ್ನು ಎಷ್ಟು ಅಕ್ಕರೆಯಿಂದ ಬೆಳೆಸಿದ್ದರೆಂದರೆ, ಝಳಕಿ ಕಡೆಯಿಂದ ನಿಂಬೆಹಣ್ಣು ಹೇರಿಕೊಂಡು ಬರುವ ಟಂಟಂ ರಿಕ್ಷಾ ನಡುವೆ ಉಳಿದ ಸಂದಿಯಲ್ಲಿ ಉಸಿರು ಬಿಗಿಹಿಡಿದು ಹಾಯಬೇಕಿತ್ತು. ಮುದ್ದೇಬಿಹಾಳದಲ್ಲಿ ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆಯೇ ಮೇಲೆದ್ದುದರಿಂದ, ಒಬ್ಬ ಮಹಾಶಯರ ರ‍್ಯಾಂಪು ಕ್ರಮೇಣ ಒಳಮುಖವಾಗಿ ಇಳಿದು, ಮೊದಲ ಮಳೆಯ ನೀರು ಅತಿಥಿಯಂತೆ ನೇರ ಪಡಸಾಲೆಗೇ ಬಂದು ಕೂತಿತ್ತು. ಬಸವನ ಬಾಗೇವಾಡಿಯಲ್ಲಿ ರ‍್ಯಾಂಪಿನ ಮೇಲೆ ಹಪ್ಪಳ ಶಾಂಡಿಗಿ ಒಣಗುತ್ತಿದ್ದವು, ಗಾಡಿಗಳು ರಸ್ತೆಯಲ್ಲಿ ನಿಲ್ಲುತ್ತಿದ್ದವು. ಸಿಂದಗಿಯ ನಮ್ಮ ನೆರೆಯವರು ಅದರ ಮೇಲೆ ನಾಲ್ಕು ಖುರ್ಚಿ ಹಾಕಿ ದೇಶದ ರಾಜಕಾರಣವನ್ನು ನಡೆಸುತ್ತಿದ್ದರು. ಈ ನಾಲ್ಕರಲ್ಲಿ ಯಾವ ಊರಿನಲ್ಲಿ ನಾನೀಗ ಮನೆ ಕಟ್ಟಿಕೊಂಡಿದ್ದೇನೆಂದು ಮಾತ್ರ ಹೇಳಲಾರೆ. ಪುರಸಭೆಯವರಲ್ಲೂ ಲಲಿತ ಪ್ರಬಂಧ ಓದುವವರು ಇರಬಹುದು, ಯಾರಿಗೆ ಗೊತ್ತು!

ಇಷ್ಟೆಲ್ಲ ನಗೆಯಾಡಿದ ನಾನೂ ಒಂದು ರ‍್ಯಾಂಪು ಕಟ್ಟಿಸಿದೆ. ನನ್ನದು ಪ್ರತಿಷ್ಠೆಗಲ್ಲ, ವೈನಿಗಾಗಿ. ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ನಮ್ಮವ್ವ ತೀರಿಕೊಂಡ ಮೇಲೆ ನನಗೆ ತಲೆ ಬಾಚಿ ಸಾಲಿಗೆ ಕಳಿಸಿದವರು ಅವರು. ಅಣ್ಣ ಹೋದ ಮೇಲೆ ನಮ್ಮ ಜೊತೆಗೇ ಇದ್ದಾರೆ. ಒಂದು ಕಾಲಕ್ಕೆ ಮುಂಜಾನೆ ಪಿಶವಿ, ಅಂದರೆ ಕೈಚೀಲ, ಹಿಡಿದು ಹೊರಬಿದ್ದರೆ ಕಾಯಿಪಲ್ಲೆ, ವಿಠ್ಠಲನ ಗುಡಿಯ ಪ್ರಸಾದ, ನಾಲ್ಕು ಓಣಿಯ ಸುದ್ದಿ ಮೂರನ್ನೂ ತಾಜಾ ಇರುವಾಗಲೇ ಮನೆಗೆ ತರುತ್ತಿದ್ದರು. ಎರಡು ವರ್ಷದ ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿಯಿತು. ಗಾಲಿಖುರ್ಚಿ ಬಂತು. ಆದರೆ ನಮ್ಮ ಮನೆಯಿಂದ ಇಳಿಯಲು ಐದು ಪಾವಟಿಗೆ, ಆಮೇಲೆ ಗಟಾರ. ಹೀಗಾಗಿ ಅಷ್ಟು ತಿರುಗಾಡಿದ ಹೆಣ್ಣುಮಗಳಿಗೆ ಲೋಕವೆಂದರೆ ಕಿಡಕಿಯ ಸರಳಿನಾಚೆಗೆ ಕಂಡಷ್ಟೇ ಆಯಿತು. ನಾನು ಅವರಿಗೆ ಟೀವಿ ಕೊಡಿಸಿದೆ, ಪಂಚಾಂಗ ಕೊಡಿಸಿದೆ, ಉಪದೇಶವನ್ನೂ ಕೊಟ್ಟೆ. ರ‍್ಯಾಂಪು ಹೊಳೆಯಲು ಎರಡು ವರ್ಷ ಬೇಕಾಯಿತು. ಬುದ್ಧಿವಂತರಿಗೆ ಹೊಳೆಯುವುದು ತಡ, ಅಷ್ಟೇ.

ಗೌಂಡಿ ಸಂಗಪ್ಪ ನಾಲ್ಕೇ ದಿನದಲ್ಲಿ ರಸ್ತೆಯ ಅಂಚು ದಾಟುವ ಹಾಗೆ ಉದ್ದನೆಯ ರ‍್ಯಾಂಪು ಕಟ್ಟಿದ. ಗೋಣಿತಟ್ಟು ಹಾಸಿ ನೀರು ಹೊಡೆಯುತ್ತಿದ್ದೆವು. ಇನ್ನೂ ಒಂದು ವಾರ ಗಾಲಿ ಹತ್ತಿಸಬೇಡಿರೆಂದು ಅವನ ಅಪ್ಪಣೆ. ವೈನಿ ದಿನಾ ಕಿಡಕಿಯಿಂದ ಅದನ್ನೇ ನೋಡುತ್ತ, ಹುಗ್ಗಿ ಬೆಂದಿತೇನು ಎಂದು ಕೇಳುವ ಹಾಗೆ, "ಒಣಗಿತೇನೋ ರಾಘು?" ಎಂದು ಕೇಳುತ್ತಿದ್ದರು.

ಒಣಗುವ ಮೊದಲೇ ನೋಟೀಸು ಬಂತು. ರಸ್ತೆ ಸಾರ್ವಜನಿಕರದು, ಗಟಾರದ ಮೇಲೆ ಕಾಯಂ ಕಟ್ಟಡ ಕೂಡದು, ಹೂಳು ತೆಗೆಯಲು ದಾರಿ ಇರಬೇಕು, ಆದ್ದರಿಂದ ತಮ್ಮ ಅನಧಿಕೃತ ಇಳಿಜಾರನ್ನು ಏಳು ದಿನದೊಳಗೆ ತೆರವುಗೊಳಿಸತಕ್ಕದ್ದು. "ಅನಧಿಕೃತ" ಎಂಬಲ್ಲಿಗೆ ನನ್ನ ಪಿತ್ತ ನೆತ್ತಿಗೇರಿತು. ಊರಿಗೆ ಊರೇ ರಸ್ತೆಯನ್ನು ನುಂಗಿ ನೀರು ಕುಡಿದಿರುವಾಗ ನಾನೊಬ್ಬ ಸಿಕ್ಕೆನೇ ಇವರಿಗೆ! ಕಾಗದವನ್ನು ಮಡಚಿ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿದೆ. ಸೇವೆಯುದ್ದಕ್ಕೂ "ಪ್ರಶ್ನೆಪತ್ರಿಕೆಯನ್ನು ಕಡೀತನಕ ಓದ್ರೋ" ಎಂದು ಮಕ್ಕಳ ಬೆನ್ನಿಗೆ ಗುದ್ದಿದವನು ನಾನು ಎಂಬುದನ್ನು ದಯವಿಟ್ಟು ನೆನಪಿನಲ್ಲಿಡಿ.

ಪರಿಹಾರ ಹೇಳಿದವನು ಸಂಗಪ್ಪನೇ. "ಸರ, ಒಂದು ಕಲ್ಲಿಗೆ ಸಿಂಧೂರ ಬಡದು ನಟ್ಟನಡುವ ಇಟ್ಟುಬಿಡ್ರಿ. ಜೆಸಿಬಿ ಹೆಂಗ ಬರತೈತಿ ನೋಡೂಣು. ಬಾಜೂಕ ಇಟ್ರ ಉಳಿದದ್ದನ್ನ ಒಡೀತಾರ, ನಡುವ ಇಡ್ರಿ." ನಮ್ಮ ಭಾಗದಲ್ಲಿ ಇದು ಹೊಸದಲ್ಲ, ದುರಾಸೆಯ ಕಟ್ಟೆಗೆ ದೇವರ ಕಾವಲು ಇಡುವ ಪದ್ಧತಿ ಗಟಾರದಷ್ಟೇ ಹಳೆಯದು. ವೈಷ್ಣವ ಮನೆತನದವನಾದ್ದರಿಂದ ಸಿಂಧೂರದ ದೇವರಾದ ಹಣಮಪ್ಪ ನನಗೆ ಹತ್ತಿರದವನೂ ಹೌದು. ಹಿತ್ತಲಲ್ಲಿ ಅರಿವೆ ಒಗೆಯುವ ಕಲ್ಲೊಂದಿತ್ತು. ಮನೆಯವಳು ತವರಿಗೆ ಹೋದ ದಿನ ನೋಡಿ, ಸಂಗಪ್ಪ ಅದನ್ನು ಉರುಳಿಸಿಕೊಂಡು ಬಂದು, ಅಲುಗದಂತೆ ಬುಡಕ್ಕೆ ಸಿಮೆಂಟು ಹಾಕಿ ಕೂಡಿಸಿದ. ನಾನು ಎಣ್ಣೆಯಲ್ಲಿ ಸಿಂಧೂರ ಕಲಸಿ ಬಳಿದೆ, ಬೆಳ್ಳಿಯ ಎರಡು ಕಣ್ಣೂ ಅಂಟಿಸಿದೆ. ಪುರಸಭೆಯವರು ಬಂದು ಹೋದ ಮೇಲೆ ಕಿತ್ತು ಹಿತ್ತಲಿಗೆ ಒಯ್ದರಾಯಿತೆಂಬುದು ನನ್ನ ಹಂಚಿಕೆ.

ಎಂಟನೆಯ ದಿನ ಪುರಸಭೆಯ ಇಂಜಿನಿಯರ್ ಬಂದರು. ಮೃದು ಸ್ವಭಾವದ ಹೆಣ್ಣುಮಗಳು. ಕಲ್ಲು ಕಂಡೊಡನೆ ಚಪ್ಪಲಿ ಕಳಚಿ ಕೈಮುಗಿದರು. ಆಮೇಲೆ ನನ್ನ ಕಡೆ ತಿರುಗಿ ಏನೋ ಹೇಳಬೇಕೆಂದು ಬಾಯಿ ತೆರೆದರು. ನಾನು ಪರಮ ಭಕ್ತನ ಮುಗುಳ್ನಗೆ ನಕ್ಕು ಬಾಗಿಲು ಹಾಕಿಕೊಂಡೆ. ಗೆದ್ದೆನೆಂಬ ಹಮ್ಮು ನೋಡಿ!

ದೇವರನ್ನು ಕೂಡಿಸುವುದು ಸುಲಭ, ಎಬ್ಬಿಸುವುದು ಕಷ್ಟ. ಶನಿವಾರ ಬೆಳಗಾಗುವುದರೊಳಗೆ ಕಲ್ಲಿನ ಮೇಲೆ ಎಕ್ಕಿಯ ಹಾರ ಬಿದ್ದಿತ್ತು. ಮುಂದಿನ ಶನಿವಾರ ಎಣ್ಣೆ, ಕಾಯಿ, ಪ್ರದಕ್ಷಿಣೆ. ಅದರ ಮುಂದಿನ ಶನಿವಾರ ಯಾರೋ ಪುಣ್ಯಾತ್ಮರು ಗಂಟೆ ಕೊಟ್ಟರು, ಇನ್ಯಾರೋ ಸುತ್ತಲೂ ಕಬ್ಬಿಣದ ಸರಳಿನ ಕಟಾಂಜನ ಕೊಟ್ಟರು. ತಂಗಡಗಿಯಿಂದ ಒಬ್ಬರು ಹರಕೆ ಹೊತ್ತು ಬಂದು, ಕೆಲಸ ಆಯಿತೆಂದು ಪೇಢೆ ಹಂಚಿ ಹೋದರು. ತವರಿನಿಂದ ಬಂದ ಹೆಂಡತಿ ದೇವರಿಗೆ ನಮಸ್ಕಾರ ಮಾಡಿ ಒಳಗೆ ಬಂದು, "ಅನ್ನಂಗ, ಒಗಿಯೋ ಕಲ್ಲು ಎಲ್ಲಿ ಹೋತುರೀ?" ಎಂದಳು. ನಾನು ಇನ್ನೊಂದು ಪೇಢೆ ಬಾಯಿಗೆ ಹಾಕಿಕೊಂಡೆ.

ರ‍್ಯಾಂಪು ಒಣಗಿ ಕಲ್ಲಾಗಿತ್ತು. ಊರಿನವರೆಲ್ಲ ಅದರ ಮೇಲೆ ಹತ್ತಿ ಇಳಿಯುತ್ತಿದ್ದರು. ಕಟಾಂಜನದ ಎರಡೂ ಬದಿಗೆ ಉಳಿದ ಜಾಗದಲ್ಲಿ ಮನುಷ್ಯ ಹಾಯಬಹುದಿತ್ತು, ಗಾಲಿಖುರ್ಚಿ ಹಾಯುತ್ತಿರಲಿಲ್ಲ. ವೈನಿ ಒಂದು ದಿನ ಹೊಸ್ತಿಲ ತನಕ ಖುರ್ಚಿ ಉರುಳಿಸಿಕೊಂಡು ಬಂದು, ನೋಡಿ, ತಿರುಗಿಸಿಕೊಂಡು ಒಳಗೆ ಹೋದರು. ಆಮೇಲೆ ಅವರು "ಒಣಗಿತೇನೋ" ಎಂದು ಕೇಳಲಿಲ್ಲ.

ಹೀಗಾಗಿ, ನನ್ನ ರ‍್ಯಾಂಪನ್ನು ದಯಮಾಡಿ ಒಡೆಯಿರೆಂದು ಪ್ರಾರ್ಥಿಸುವ ಅರ್ಜಿಯನ್ನು ಹಿಡಿದು ನಾನು ಪುರಸಭೆಯ ಮೆಟ್ಟಿಲೇರಿದೆ. ಇಂಥ ಅರ್ಜಿ ಬರೆದ ಮೊದಲ ನಾಗರಿಕನೆಂದು ನನಗೊಂದು ಶಾಲು ಹೊದಿಸಬಹುದಿತ್ತು. ಇಂಜಿನಿಯರ್ ಮೇಡಮ್ ಓದಿ, ನಗು ತಡೆದುಕೊಂಡು, "ಗುಡಿ ಇದ್ದಲ್ಲಿ ನಾವು ಕೈ ಹಚ್ಚಂಗಿಲ್ರಿ ಸರ. ಅಲ್ಲಾ, ನೋಟೀಸಿನ ಹಿಂದಿನ ಪುಟ ಓದಿಲ್ರೇನ್ರಿ?" ಎಂದರು. ಮನೆಗೆ ಬಂದು ಕ್ಯಾಲೆಂಡರಿನ ಹಿಂದಿನಿಂದ ಎಳೆದು ನೋಡಿದೆ. ಹಿಂದಿನ ಪುಟದಲ್ಲಿ ಸ್ಪಷ್ಟವಾಗಿ ಬರೆದಿತ್ತು: ನಡೆಯಲಾಗದವರಿದ್ದ ಮನೆಯವರು ಅರ್ಜಿ ಕೊಟ್ಟರೆ, ಎತ್ತಿಡಲು ಬರುವಂಥ ಕಬ್ಬಿಣದ ಇಳಿಜಾರಿಗೆ ಅನುಮತಿ ಕೊಡಲಾಗುವುದು. ಆ ದಿನ ಆಕೆ ಬಾಯಿ ತೆರೆದದ್ದು ಇದನ್ನು ಹೇಳುವುದಕ್ಕೇ. ನಾನು ಬಾಗಿಲು ಹಾಕಿಕೊಂಡಿದ್ದೆನಲ್ಲ!

ಶನಿವಾರ, ಮಾನ ಹೋದರೆ ಹೋಗಲಿ ಎಂದು ಗಟ್ಟಿ ಮನಸ್ಸು ಮಾಡಿ, ಆರತಿಗೆ ಸೇರಿದವರೆದುರು ಒಪ್ಪಿಕೊಂಡೆ: ಇದು ನಾನೇ ಇಟ್ಟದ್ದು, ಅರಿವೆ ಒಗೆಯುವ ಕಲ್ಲು, ರ‍್ಯಾಂಪು ಉಳಿಸಿಕೊಳ್ಳಲು ಆಡಿದ ನಾಟಕ. ಯಾರೂ ನಂಬಲಿಲ್ಲ. "ಸರ, ದೇವರಿಗೆ ಹಂಗ ಅನಬಾರದ್ರಿ, ಬಿಡತು ಅನ್ರಿ" ಎಂದು ನನ್ನ ಕೆನ್ನೆಗೆ ನನ್ನಿಂದಲೇ ಹೊಡೆಸಿದರು. ಎಲ್ಲ ಗೊತ್ತಿದ್ದ ಸಂಗಪ್ಪನೂ ಎಲ್ಲರಿಗಿಂತ ಗಟ್ಟಿಯಾಗಿ ಗಂಟೆ ಬಾರಿಸುತ್ತಿದ್ದ. ಸುಳ್ಳನ್ನು ಒಂದೇ ಸಲಕ್ಕೆ ನಂಬಿದ ಜನ ಸತ್ಯಕ್ಕೆ ಸಾಕ್ಷಿ ಕೇಳುತ್ತಾರೆ.

ಆಗ ಹೊಸ್ತಿಲಲ್ಲಿ ಖುರ್ಚಿಯ ಗಾಲಿಯ ಸಪ್ಪಳವಾಯಿತು. ವೈನಿ ಯಾವ ಪೀಠಿಕೆಯೂ ಇಲ್ಲದೆ, "ಅದು ಕಲ್ಲೋ ದೇವರೋ ನಿಮಗ ಬಿಟ್ಟದ್ದು. ನನಗ ಹೊರಗ ಹೋಗಬೇಕಾಗೇದ. ದಾರಿ ಬಿಡ್ರಿ" ಎಂದರು.

ಗಂಟೆ ನಿಂತಿತು. ಆಮೇಲೆ ಸಂಗಪ್ಪ ಗಂಟೆಯ ಹಗ್ಗ ಬಿಟ್ಟು, "ಅವ್ವಾರ, ಮೊದಲಽ ಹೇಳಬಾರದೇನ್ರಿ?" ಎನ್ನುತ್ತ ಹಾರೆ ತಂದ, ನಾಲ್ಕು ಜನ ಕಟಾಂಜನ ಕಿತ್ತು, ಹಣಮಪ್ಪನನ್ನು ಜೈಕಾರದೊಂದಿಗೆ ಎತ್ತಿ, ಓಣಿಯ ಕೊನೆಯ ಮಾರುತಿ ಗುಡಿಯ ಅಂಗಳದಲ್ಲಿ ಇಳಿಸಿದರು. ನನ್ನ ಪ್ರಾಮಾಣಿಕ ಭಾಷಣಕ್ಕೆ ಅಲುಗದ ಕಲ್ಲು ಆ ಒಂದು ಮಾತಿಗೆ ಎದ್ದು ಹೋಯಿತು.

ಕಲ್ಲು ಎದ್ದಲ್ಲಿ ರ‍್ಯಾಂಪಿಗೆ ಹೊಂಡ ಬಿದ್ದು ಗಾಲಿ ಇನ್ನೂ ಹಾಯುವಂತಿರಲಿಲ್ಲ. ಸೋಮವಾರ ಕಬ್ಬಿಣದ ಇಳಿಜಾರಿಗೆ ಅರ್ಜಿ ಕೊಟ್ಟೆ. ಕಡೆಯ ಪುಟದವರೆಗೂ ಓದಿ ಸಹಿ ಹಾಕಿದೆ. ಸಂಗಪ್ಪ ತಾನು ಕಟ್ಟಿದ್ದನ್ನು ತಾನೇ ಒಡೆದ. ಕೆಳಗೆ ಗಟಾರ ಗಂಟಲ ತನಕ ಹೂಳು ತುಂಬಿ ನಿಂತಿತ್ತು. ಇನ್ನೊಂದು ಮಳೆ ಬಿದ್ದಿದ್ದರೆ ಹೊಲಸು ನೀರೆಲ್ಲ ಪಕ್ಕದ ಮನೆಯ ಅಡಿಗೆ ಮನೆಗೇ ನುಗ್ಗುತ್ತಿತ್ತು. ನಿಯಮ ಮಾಡಿದವರು ಗಟಾರವನ್ನೇ ಕಂಡಿಲ್ಲವೆಂದು ಓಣಿಯಲ್ಲೆಲ್ಲ ಹೇಳಿಕೊಂಡು ತಿರುಗಿದ್ದ ನನಗೆ ಮೂಗು ಮುಚ್ಚಿಕೊಳ್ಳಲು ಎರಡು ಕಾರಣ ಸಿಕ್ಕವು.

ವಾರದೊಳಗೆ ವೆಲ್ಡಿಂಗ್ ಅಂಗಡಿಯಿಂದ ಕಬ್ಬಿಣದ ಇಳಿಜಾರು ಬಂತು. ನಮ್ಮ ಓಣಿಯ ಲೆಕ್ಕದಲ್ಲಿ ಅದು ತೀರಾ ಬಡವರ ರ‍್ಯಾಂಪು; ಬೇಕಾದಾಗ ಹಾಸಬೇಕು, ಬೇಡವಾದಾಗ ಎತ್ತಿಡಬೇಕು. ಮುಂಜಾನೆ ವೈನಿ ಇಳಕಲ್ ಸೀರೆ ಉಟ್ಟು, ತೊಡೆಯ ಮೇಲೆ ಪಿಶವಿ ಇಟ್ಟುಕೊಂಡು ಬಂದರು. ಹಿಡಿಯಲು ಹೋದ ನನ್ನ ಕೈಯನ್ನು ಸರಿಸಿ, ತಾವೇ ಗಾಲಿ ತಡೆದು ತಡೆದು ಇಳಿದು, ರಸ್ತೆಗೆ ಮುಟ್ಟಿ, ಒಂದು ಕ್ಷಣ ನಿಂತು, ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಏನಾದರೂ ಅನ್ನಬೇಕಲ್ಲ ಎಂದು, "ಎಲ್ಲಿಗಿ ವೈನಿ?" ಎಂದೆ.

ಅವರು ತಿರುಗಿ ನೋಡದೆ ಗಾಲಿ ತಳ್ಳುತ್ತ ಹೇಳಿದರು: "ಹೊಂಟವರಿಗೆ ಎಲ್ಲಿಗಿ ಅಂತ ಕೇಳಬಾರದೋ ರಾಘು. ಎರಡು ವರ್ಷ ಒಳಗ ಕೂತಾಗ ಕೇಳಬೇಕಿತ್ತು."